ಬಣ್ಣ ಬಿಡಿ, ಗಿಡ ನೋಡಿ: ತಾರಸಿಗೆ ಬರುವ ಪುಟ್ಟ ಚಿಟ್ಟೆ, ಪತಂಗಗಳ ಗುರುತು

ಪ್ರಶ್ನೆ: ನಮ್ಮ ಮನೆ ರಾಜಾಜಿನಗರದಲ್ಲಿ. ತಾರಸಿಯ ಮೇಲೆ ಸುಮಾರು 40 ಕುಂಡಗಳಿವೆ. ಬೇಸಿಗೆ ರಜೆ ಶುರುವಾದಾಗಿನಿಂದ 9 ವರ್ಷದ ಮಗಳು ಅಲ್ಲಿ ಬರುವ ಸಣ್ಣ ಸಣ್ಣ ಚಿಟ್ಟೆಗಳ ಫೋಟೋ ತೆಗೆಯುತ್ತಿದ್ದಾಳೆ. ನಾಲ್ಕನ್ನು ಕಳಿಸಿದ್ದೇನೆ. ಒಂದು ಕಾಡುಬಸಳೆ ಕುಂಡದ ಹತ್ತಿರ ಕಂಡ ಕಿತ್ತಳೆ-ಕಪ್ಪು ಚಿಟ್ಟೆ, ಎರಡನೆಯದು ರೆಕ್ಕೆ ಬಿಚ್ಚಿ ಕೂತ ಪುಟ್ಟ ನೀಲಿ ಚಿಟ್ಟೆ, ಮೂರನೆಯದು ಬಚ್ಚಲುಮನೆಯ ಟೈಲ್ಸ್ ಮೇಲೆ ಹೃದಯದ ಆಕಾರದಲ್ಲಿ ಕೂತ ಕಪ್ಪು ಪತಂಗ, ನಾಲ್ಕನೆಯದು ಸಂಜೆ ಟ್ಯೂಬ್‌ಲೈಟಿಗೆ ಬಂದ ಒಣ ಎಲೆಯಂಥದ್ದು. ಇವುಗಳ ಹೆಸರೇನು? ಅಂತರ್ಜಾಲದಲ್ಲಿ ಹುಡುಕಿದರೆ ನೀಲಿ ಚಿಟ್ಟೆಗಳೆಲ್ಲ ಒಂದೇ ಥರ ಕಾಣುತ್ತವೆ. ರಾಗಿ ಹಿಟ್ಟಿನ ಡಬ್ಬದಿಂದಲೂ ಒಂದೆರಡು ಹಾರಿದವು. ಚಿಟ್ಟೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡಾಗುತ್ತದೆ ಎಂದು ನಮ್ಮತ್ತೆ ಹೆದರುತ್ತಾರೆ. ಅದು ನಿಜವೇ?

ಉತ್ತರ: ಮೊದಲ ಫೋಟೋದಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ಚಿಟ್ಟೆ ಅಲುಗಾಡಿ ಮಸುಕಾಗಿದೆ, ಆದರೆ ಕುಂಡ ಸ್ಪಷ್ಟವಾಗಿ ಬಿದ್ದಿದೆ. ದಪ್ಪ ಎಲೆ, ಎಲೆಯ ಅಂಚಿನಲ್ಲೇ ಮೂಡುವ ಮರಿ ಸಸಿಗಳು: ಕಾಡುಬಸಳೆಯೇ ಸರಿ. ಅದರ ಸುತ್ತ ಮೊಣಕಾಲೆತ್ತರದಲ್ಲಿ, ಅವಸರವಿಲ್ಲದೆ ತೇಲಾಡುವ ಕಿತ್ತಳೆ-ಕಪ್ಪು-ಬಿಳಿ ಚಿಟ್ಟೆ ಎಂದರೆ ಅದು ರೆಡ್ ಪಿಯರೋ. ಚಿಟ್ಟೆ ಕಾಣದಿದ್ದರೂ ಹೆಸರು ಹೇಳುವುದಕ್ಕೆ ನನಗೆ ಗಿಡವೇ ಸಾಕಾಯಿತು. ಇವತ್ತು ನಿಮ್ಮ ಮಗಳಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಇದನ್ನೇ. ಪುಟ್ಟ ಚಿಟ್ಟೆಗಳ ವಿಷಯದಲ್ಲಿ ಬಣ್ಣದ ಹಿಂದೆ ಹೋದರೆ ದಾರಿ ತಪ್ಪುತ್ತದೆ, ಗಿಡದ ಹಿಂದೆ ಹೋದರೆ ಮನೆ ಸಿಗುತ್ತದೆ.

ಆ ಕಾಡುಬಸಳೆಯ ಎಲೆಗಳನ್ನು ಬೆಳಕಿಗೆ ಹಿಡಿದು ನೋಡಲು ಅವಳಿಗೆ ಹೇಳಿ. ಕೆಲವು ಎಲೆಗಳಲ್ಲಿ ಹಸಿರು ತಿರುಳು ಮಾಯವಾಗಿ, ತೆಳ್ಳಗಿನ ಸಿಪ್ಪೆ ಮಾತ್ರ ಉಳಿದು, ಒಳಗೆ ಕಪ್ಪು ಹಿಕ್ಕೆಯ ಕಾಳುಗಳು ಕಂಡರೆ ಅಲ್ಲೇ ರೆಡ್ ಪಿಯರೋದ ತೊಟ್ಟಿಲು. ತಾಯಿ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ಎಲೆಯನ್ನು ಕೊರೆದು ಮೇಲಿನ ಸಿಪ್ಪೆಗೂ ಕೆಳಗಿನ ಸಿಪ್ಪೆಗೂ ನಡುವೆ ಸೇರಿಕೊಂಡು, ಒಳಗೊಳಗೇ ತಿರುಳು ಮೇಯುತ್ತದೆ. ಒಂದು ಎಲೆ ಖಾಲಿಯಾದರೆ ಇನ್ನೊಂದಕ್ಕೆ ದಾಟುತ್ತದೆ. ಚಿಟ್ಟೆಯ ರೆಕ್ಕೆ ಮಡಚಿದಾಗ ಬಿಳಿಯ ಮೇಲೆ ಕಪ್ಪು ಚುಕ್ಕೆಗಳು, ಹಿಂದಿನ ರೆಕ್ಕೆಯ ಅಂಚಿಗೆ ಅಗಲವಾದ ಕಿತ್ತಳೆ ಪಟ್ಟಿ. ಬಿಚ್ಚಿದಾಗ ಪೂರಾ ಕಪ್ಪು, ಹಿಂದಿನ ರೆಕ್ಕೆಯಲ್ಲಿ ಮಾತ್ರ ಕಿತ್ತಳೆ ತೇಪೆ. ಪಿಯರೋ ಎಂದರೆ ಹಳೆಯ ಫ್ರೆಂಚ್ ಆಟಗಳಲ್ಲಿ ಬರುವ ಬಿಳಿ ನಿಲುವಂಗಿಯ ವಿದೂಷಕ. ಇದರ ದಾಯಾದಿ ಕಾಮನ್ ಪಿಯರೋ ಬಿಳಿ-ಕಪ್ಪು ಮಾತ್ರ, ಕಿತ್ತಳೆ ಇಲ್ಲ. ಅದು ಬೋರೆ ಅಥವಾ ಎಲಚಿ ಗಿಡ ಇರುವಲ್ಲಿ ಸಿಗುತ್ತದೆ. ನಗರದೊಳಗೆ ಎಲಚಿ ಕಡಿಮೆಯಾದಂತೆ ಅದೂ ಕಡಿಮೆ. ರೆಡ್ ಪಿಯರೋಗೆ ಆ ಚಿಂತೆಯಿಲ್ಲ, ಬೆಂಗಳೂರಿನ ಬಾಲ್ಕನಿಗಳಲ್ಲಿ ಕಾಡುಬಸಳೆಗೂ ಅದರ ಅಲಂಕಾರದ ನೆಂಟರಿಗೂ ಬರವಿಲ್ಲ.

ಗಿಡ ಯಾಕೆ ಅಷ್ಟು ಮುಖ್ಯ ಎಂದರೆ, ಬೆಳೆದ ಚಿಟ್ಟೆ ಯಾವ ಹೂವಿನ ಮಕರಂದವಾದರೂ ಹೀರೀತು, ಆದರೆ ತಾಯಿಯಾಗುವ ಚಿಟ್ಟೆ ಹಾಗಲ್ಲ. ತನ್ನ ಮರಿಹುಳು ತಿನ್ನುವ ಒಂದೆರಡು ಜಾತಿಯ ಎಲೆ ಸಿಗುವ ತನಕ ಅದು ಮೊಟ್ಟೆಯಿಡುವುದಿಲ್ಲ. ಒಂದು ಚಿಟ್ಟೆ ಹೂವನ್ನು ಬಿಟ್ಟು ಎಲೆಯಿಂದ ಎಲೆಗೆ ಕೂತು ಏಳುತ್ತಿದ್ದರೆ, ಮುಂಗಾಲಿನಿಂದ ಎಲೆಯನ್ನು ತಟ್ಟಿ ನೋಡುತ್ತಿದ್ದರೆ, ಅದು ಎಲೆಯ ರುಚಿ ನೋಡುತ್ತಿದೆ ಎಂದೇ ಅರ್ಥ. ಚಿಟ್ಟೆಗಳಿಗೆ ಕಾಲಿನಲ್ಲೂ ರುಚಿ ತಿಳಿಯುತ್ತದೆ. ಹೊಟ್ಟೆಯ ತುದಿಯನ್ನು ಬಾಗಿಸಿ ಎಲೆಗೆ ಮುಟ್ಟಿಸಿತೋ, ಮೊಟ್ಟೆ ಬಿತ್ತು. ಆಗ ಎಲೆಯ ಫೋಟೋ ತೆಗೆಯಿರಿ. ಅರ್ಧ ಗುರುತು ಅಲ್ಲೇ ಆಯಿತು.

ಇನ್ನು ಎರಡನೆಯ ಫೋಟೋ. ರೆಕ್ಕೆ ಬಿಚ್ಚಿಕೊಂಡು ಕೂತ ನೀಲಿ ಚಿಟ್ಟೆ. ಅವಳು ಇದಕ್ಕಾಗಿ ಎಷ್ಟು ಹೊತ್ತು ಬಿಸಿಲಿನಲ್ಲಿ ಕಾದಿರಬೇಕು ಎಂದು ಊಹಿಸಬಲ್ಲೆ, ಫೋಟೋ ನಿಜಕ್ಕೂ ಚೆನ್ನಾಗಿದೆ. ಆದರೆ ಗುರುತಿಗೆ ಬೇಕಾದ ಪುಟ ಇದಲ್ಲ. ಆ ನೀಲಿ ಬಳಿದ ಬಣ್ಣವಲ್ಲ, ರೆಕ್ಕೆಯ ಮೇಲಿನ ಸೂಕ್ಷ್ಮ ಹುರುಪೆಗಳ ರಚನೆಯಲ್ಲಿ ಬೆಳಕು ಆಡುವ ಆಟ. ಸೋಪಿನ ಗುಳ್ಳೆಯಲ್ಲಿ ಬಣ್ಣ ಮೂಡುತ್ತದಲ್ಲ, ಅದೇ ಬಗೆ. ಹಾಗಾಗಿ ನೀವು ನಿಂತ ಕೋನ ಬದಲಾದರೆ ನೀಲಿ ಬೂದಿಯಾಗುತ್ತದೆ. ಗಂಡು ನೀಲಿಯಾದರೆ ಹೆಣ್ಣು ಬಹಳ ಸಲ ಕಂದು. ನಾಲ್ಕು ದಿನ ಹುಲ್ಲಿನಲ್ಲಿ ಸುತ್ತಾಡಿ ಹುರುಪೆ ಉದುರಿದ ಮೇಲೆ ಎರಡೂ ಒಂದೇ ಮಸುಕು. ಇದರ ಮೇಲೆ ಬೇಸಿಗೆಯ ಒಣಹವೆಯಲ್ಲಿ ಹುಟ್ಟಿದವು ಮಳೆಗಾಲದವಕ್ಕಿಂತ ಪೇಲವ. ನೀವು ಅಂತರ್ಜಾಲದಲ್ಲಿ ನೋಡಿದ ಚಿತ್ರಗಳೆಲ್ಲ ಒಂದೇ ಥರ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ರೆಕ್ಕೆ ಮಡಚಿದಾಗ ಕಾಣುವ ಅಡಿಭಾಗವೇ ಈ ಚಿಟ್ಟೆಗಳ ಬೆರಳಚ್ಚು. ಅಲ್ಲಿನ ಚುಕ್ಕೆ, ಗೆರೆಗಳ ಜೋಡಣೆ ಬಣ್ಣದಷ್ಟು ಸುಲಭವಾಗಿ ಬದಲಾಗುವುದಿಲ್ಲ. ಬೆಂಗಳೂರಿನ ಹುಲ್ಲುಹಾಸು, ಖಾಲಿ ಸೈಟು, ಕುಂಡಗಳ ಸಂದಿಯಲ್ಲಿ ನೆಲಕ್ಕೆ ಒಂದಡಿ ಎತ್ತರದಲ್ಲಿ ಹಾರುವ ಬೆರಳುಗುರಿನಷ್ಟು ನೀಲಿಗಳು ಹೆಚ್ಚಾಗಿ ಗ್ರಾಸ್ ಬ್ಲೂ ಗುಂಪಿನವು. ಅಡಿಭಾಗ ಬೂದು, ಅದರ ತುಂಬ ಚಿಕ್ಕ ಚುಕ್ಕೆಗಳು, ಬಾಲವಿಲ್ಲ. ಅವುಗಳಲ್ಲೇ ಪೇಲ್ ಗ್ರಾಸ್ ಬ್ಲೂ ಹುಡುಕಬೇಕಾದರೆ ಕುಂಡದಲ್ಲಿ ತಾನಾಗಿ ಹಬ್ಬುವ, ಹೃದಯದಾಕಾರದ ಮೂರು ಮೂರು ಎಲೆಗಳ, ಹಳದಿ ಹೂವಿನ ಹುಳಿ ಕಳೆಯ ಸುತ್ತ ನೋಡಿ. ಪುಲ್ಲಂಪುರಚಿ ಎನ್ನುತ್ತಾರಲ್ಲ, ಅದು. ಡಾರ್ಕ್ ಗ್ರಾಸ್ ಬ್ಲೂಗೆ ಕೀರೆ ಸೊಪ್ಪು, ನೆಗ್ಗಿಲು ಬೇಕು. ಲೆಸ್ಸರ್ ಗ್ರಾಸ್ ಬ್ಲೂಗೆ ನೆಲಕ್ಕೆ ಹಬ್ಬುವ, ಅವರೆ ಕುಲದ ಪುಟ್ಟ ಕಳೆಗಳು. ಅಡಿಭಾಗದಲ್ಲಿ ಇನ್ನೊಂದು ಗುಟ್ಟಿದೆ. ಮುಂದಿನ ರೆಕ್ಕೆಯ ಬುಡದ ಕಡೆ, ನರಗಳ ನಡುವಿನ ದೊಡ್ಡ ಖಾನೆಯೊಳಗೆ ಒಂದು ಒಂಟಿ ಚುಕ್ಕೆ ಇದ್ದರೆ ಪೇಲ್ ಅಥವಾ ಡಾರ್ಕ್, ಅದು ಇಲ್ಲದಿದ್ದರೆ ಲೆಸ್ಸರ್. ಮೊಬೈಲ್ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಇದು ಕಾಣುತ್ತದೆ. ನಾನು ಓದುತ್ತಿದ್ದ ದಿನಗಳಲ್ಲಿ ಲಾಲ್‌ಬಾಗಿನ ಬಂಡೆಯ ತಪ್ಪಲಿನ ಹುಲ್ಲಿನಲ್ಲಿ ಬೋರಲು ಮಲಗಿ, ಕೈಮಸೂರ ಹಿಡಿದು, ಈ ಒಂದು ಚುಕ್ಕೆಗಾಗಿ ಇಡೀ ಬೆಳಗ್ಗೆ ಕಳೆದಿದ್ದೇನೆ. ಇವತ್ತಿನ ಮಕ್ಕಳಿಗೆ ಅದು ಎರಡು ಬೆರಳಿನ ಕೆಲಸ, ಇದು ನನಗೆ ತುಂಬ ಸಂತೋಷದ ಸಂಗತಿ.

ಗ್ರಾಸ್ ಜ್ಯುವೆಲ್ ಎಂಬ ಇನ್ನೊಂದಿದೆ. ನಮ್ಮ ದೇಶದ ಅತಿ ಚಿಕ್ಕ ಚಿಟ್ಟೆಗಳಲ್ಲಿ ಅದೂ ಒಂದು. ರೆಕ್ಕೆ ಪೂರ್ತಿ ಬಿಚ್ಚಿದರೂ 15ರಿಂದ 22 ಮಿಲಿಮೀಟರ್ ಅಷ್ಟೇ. ನಮ್ಮ 10 ರೂಪಾಯಿ ನಾಣ್ಯದ ಅಡ್ಡಳತೆ 27 ಮಿಲಿಮೀಟರ್, ಅಂದರೆ ನಾಣ್ಯದ ಮೇಲೆ ಕೂತರೆ ಸುತ್ತ ಇನ್ನೂ ಜಾಗ ಉಳಿಯುತ್ತದೆ. ಹಿಂದಿನ ರೆಕ್ಕೆಯ ಅಡಿಭಾಗದ ಅಂಚಿನಲ್ಲಿ ಕಿತ್ತಳೆ ಉಂಗುರದೊಳಗೆ ಕಪ್ಪು ಚುಕ್ಕೆ, ಆ ಚುಕ್ಕೆಯಲ್ಲಿ ಲೋಹದಂತೆ ಮಿನುಗುವ ಹಸಿರು-ನೀಲಿ ಹರಳು. ಹೆಸರಿನ ಒಡವೆ ಅದೇ. ಹೆಸರಘಟ್ಟದ ಹುಲ್ಲುಗಾವಲಿನಂಥ ತೆರೆದ, ಒಣ ನೆಲದಲ್ಲಿ ಇದನ್ನು ಹುಡುಕುವುದು ಸುಲಭ, ತಾರಸಿಯಲ್ಲಿ ಅಪರೂಪ.

ಬಾಲವಿರುವ ನೀಲಿಗಳು ಬೇರೆ. ಹಿಂದಿನ ರೆಕ್ಕೆಯ ತುದಿಯಲ್ಲಿ ಕೂದಲೆಳೆಯಂಥ ಬಾಲ, ಅದರ ಬುಡದಲ್ಲಿ ಕಣ್ಣಿನಂಥ ಕಪ್ಪು ಬೊಟ್ಟು. ಚಿಟ್ಟೆ ಕೂತ ಮೇಲೆ ಹಿಂದಿನ ರೆಕ್ಕೆಗಳನ್ನು ಮೇಲೆ ಕೆಳಗೆ ಉಜ್ಜುತ್ತಿರುತ್ತದೆ. ಆಗ ಬಾಲಗಳು ಚಿಟ್ಟೆಯ ತಲೆಯ ಮೇಲಿನ ಕುಡಿಮೀಸೆಯ ಹಾಗೆ ಅಲುಗುತ್ತವೆ. ಹಲ್ಲಿಯೋ ಹಕ್ಕಿಯೋ ಅದನ್ನೇ ತಲೆಯೆಂದು ತಿಳಿದು ಕಚ್ಚುತ್ತದೆ. ರೆಕ್ಕೆಯ ಚೂರು ಹೋಗುತ್ತದೆ, ಜೀವ ಉಳಿಯುತ್ತದೆ. ಹಿಂದಿನ ರೆಕ್ಕೆಯ ತುದಿ ಕಚ್ಚಿಹೋದ ಚಿಟ್ಟೆ ಕಂಡರೆ ಅದು ಹೀಗೆ ತಪ್ಪಿಸಿಕೊಂಡು ಬಂದದ್ದಿರಬಹುದು. ಅಂಥದ್ದರ ಫೋಟೋ ಚೆನ್ನಾಗಿಲ್ಲ ಎಂದು ಅಳಿಸಬಾರದು ಎಂದು ಮಗಳಿಗೆ ಹೇಳಿ.

ಈ ಬಾಲದ ನೀಲಿಗಳಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟು, ಬಂಗಲೆಗಳ ಮುಂದೆ ಹೆಚ್ಚು ಕಾಣುವುದು ಪ್ಲೇನ್ಸ್ ಕ್ಯೂಪಿಡ್. ಕಾರಣ ಸೈಕಸ್ ಗಿಡ. ತೆಂಗಿನ ಗರಿಯನ್ನು ಚಿಕ್ಕದಾಗಿ ಮಾಡಿ ಸುತ್ತ ಜೋಡಿಸಿದಂತೆ ಕಾಣುವ ಆ ಅಲಂಕಾರದ ಗಿಡ ಹೊಸ ಗರಿ ಬಿಟ್ಟ ವಾರ ಈ ಚಿಟ್ಟೆಗಳು ಮುತ್ತುತ್ತವೆ. ಅದರ ಮರಿಹುಳುವಿಗೆ ಎಳೆಯ ಗರಿಯೇ ಬೇಕು, ಗರಿ ಗಟ್ಟಿಯಾದ ಮೇಲೆ ತಿನ್ನಲಾರದು. ಗರಿ ತುಂಡಾಗಿದ್ದನ್ನು ಕಂಡು ಜನ ಕೀಟನಾಶಕ ಹೊಡೆಯುತ್ತಾರೆ. ಅಷ್ಟು ಹೊತ್ತಿಗೆ ಹುಳುಗಳು ಕೋಶ ಕಟ್ಟಲು ಇಳಿದಿರುತ್ತವೆ, ವಿಷ ಮಾತ್ರ ಗಿಡದ ಮೇಲೆ ಉಳಿಯುತ್ತದೆ. ಹೊಡೆಯುವ ಮೊದಲು ಒಮ್ಮೆ ಬಗ್ಗಿ ನೋಡಿ. ಹುಳುವಿನ ಸುತ್ತ ಇರುವೆಗಳಿರುತ್ತವೆ. ಹುಳುವಿನ ಬೆನ್ನಿನ ಮೇಲೆ ಸಿಹಿ ದ್ರವ ಒಸರುವ ಒಂದು ಗ್ರಂಥಿಯಿದೆ, ಇರುವೆ ಅದನ್ನು ನೆಕ್ಕುತ್ತದೆ, ಬದಲಿಗೆ ಹುಳುವಿನ ಹತ್ತಿರ ಕಣಜವನ್ನು ಸುಳಿಯಗೊಡುವುದಿಲ್ಲ. ನೀಲಿಗಳ ಕುಟುಂಬದ ಅನೇಕ ಮರಿಹುಳುಗಳಿಗೆ ಈ ಕಾವಲು ಉಂಟು. ನನಗೆ ಕೇಳಿದರೆ, ಇಡೀ ಬೇಸಿಗೆ ರಜೆಯಲ್ಲಿ ಒಂದು ಮಗು ನೋಡಲೇಬೇಕಾದ ದೃಶ್ಯ ಇದು. ಇರುವೆ ಎಲ್ಲಿಗೆ ಹೋಗುತ್ತಿದೆ ಎಂದು ಹಿಂಬಾಲಿಸಿದರೆ ಹುಳು ಸಿಗುತ್ತದೆ.

ನಿಮ್ಮ ನಿಂಬೆ ಕುಂಡದ ಎಳೆ ಚಿಗುರಿನ ಸುತ್ತ ಬಾಲವಿಲ್ಲದ ಬೂದು-ನೀಲಿ ಚಿಟ್ಟೆ ಸುತ್ತಿದರೆ ಲೈಮ್ ಬ್ಲೂ. ಬೇಲಿಗೆ ಹಾಕುವ ತಿಳಿನೀಲಿ ಹೂವಿನ ಪ್ಲಂಬಾಗೋ, ಅಂದರೆ ಚಿತ್ರಮೂಲದ ಜಾತಿಯ ಗಿಡದ ಮೊಗ್ಗಿನ ಹತ್ತಿರ ಅಡಿಭಾಗದಲ್ಲಿ ಕಂದು-ಬಿಳಿ ಪಟ್ಟೆಪಟ್ಟೆಯಾಗಿರುವುದು ಕಂಡರೆ ಜೀಬ್ರಾ ಬ್ಲೂ. ಅದನ್ನು ಒಮ್ಮೆ ನೋಡಿದ ಮೇಲೆ ಮರೆಯುವ ಹಾಗಿಲ್ಲ. ಅವರೆ, ಅಲಸಂದೆ, ಬಟಾಣಿಯ ಹೂ-ಕಾಯಿಗೆ ಬರುವುದು ಪೀ ಬ್ಲೂ. ಅದರ ಅಡಿಭಾಗದಲ್ಲಿ ಅಲೆಅಲೆಯಾದ ಗೆರೆಗಳ ಜೊತೆಗೆ ಒಂದು ಅಗಲವಾದ ಬಿಳಿ ಪಟ್ಟಿ ಇರುತ್ತದೆ. ಡಿಸೆಂಬರ್-ಜನವರಿಯ ಅವರೆಕಾಯಿ ಬಿಡಿಸುವಾಗ ಕಾಯೊಳಗೆ ಸಿಗುವ ಹುಳುಗಳಲ್ಲಿ ಕೆಲವು ಇದರವೇ.

ನೀಲಿಯಲ್ಲದ ಪುಟ್ಟವೂ ಇವೆ, ಅವುಗಳ ಗುರುತು ಇಷ್ಟು ಕಷ್ಟವಿಲ್ಲ. ಬಿಳಿ ಕಾಗದದ ಚೂರು ಗಾಳಿಗೆ ತೇಲಿದಂತೆ, ನೆಲಕ್ಕೆ ತಾಗಿಯೇ ಹಾರುವ, ಮುಂದಿನ ರೆಕ್ಕೆಯಲ್ಲಿ ಒಂದೇ ಒಂದು ಕಪ್ಪು ಬೊಟ್ಟಿರುವ ಬಿಳಿ ಚಿಟ್ಟೆ ಸೈಕಿ. ನಿಂಬೆಹಳದಿಯಾಗಿ ಹುಲ್ಲಿನ ಮೇಲೆ ಚಡಪಡಿಸುವುದು ಗ್ರಾಸ್ ಯೆಲ್ಲೋ. ಅದರ ಕಾಮನ್ ಗ್ರಾಸ್ ಯೆಲ್ಲೋ ಜಾತಿಯಲ್ಲಿ ಒಣಗಾಲದಲ್ಲಿ ಹುಟ್ಟಿದವಕ್ಕೆ ಮುಂದಿನ ರೆಕ್ಕೆಯ ಅಡಿಭಾಗದ ತುದಿಯಲ್ಲಿ ಇಟ್ಟಿಗೆ ಬಣ್ಣದ ಕಲೆ ಇರುತ್ತದೆ, ಮಳೆ ಹಿಡಿದ ಮೇಲೆ ಹುಟ್ಟಿದವಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ಜಾತಿ, ಎರಡು ಉಡುಪು. ಬಾಣ ಬಿಟ್ಟಂತೆ ಹಾರಿ, ಕೂತಾಗ ಮುಂದಿನ ರೆಕ್ಕೆ ಅರ್ಧ ಎತ್ತಿ ಹಿಂದಿನದನ್ನು ಮಟ್ಟಸವಾಗಿ ಹರಡುವ ಕಂದು ಬಣ್ಣದ ದಪ್ಪ ಮೈಯವು ಸ್ಕಿಪ್ಪರ್‌ಗಳು. ಬಾಲ್ಕನಿಯ ಅರೆಕಾ ಪಾಮ್ ಎಲೆಯನ್ನು ಸುರುಳಿ ಸುತ್ತಿ ಒಳಗೆ ಹುಳು ಕೂತಿದ್ದರೆ ಇಂಡಿಯನ್ ಪಾಮ್ ಬಾಬ್ ಎಂಬ ಸ್ಕಿಪ್ಪರ್ ಇರಬಹುದು. ಅದರ ಹಿಂದಿನ ರೆಕ್ಕೆಯ ಅಡಿಭಾಗದಲ್ಲಿ ಸ್ಪಷ್ಟವಾದ ಕಪ್ಪು ಚುಕ್ಕೆಗಳಿವೆ.

ಸ್ಕಿಪ್ಪರನ್ನು ಬಹಳ ಜನ ಪತಂಗ ಎನ್ನುತ್ತಾರೆ. ಹಾಗೆಯೇ ದೀಪಕ್ಕೆ ಬಂದ ನಿಮ್ಮ ನಾಲ್ಕನೆಯ ಫೋಟೋದ್ದನ್ನೂ ಪತಂಗ ಎಂದುಕೊಳ್ಳುವುದು ಸಹಜ. ಅದು ಚಿಟ್ಟೆ. ಕಾಮನ್ ಈವ್ನಿಂಗ್ ಬ್ರೌನ್ ಎಂದು ಹೆಸರು. ಮುಸ್ಸಂಜೆಯಲ್ಲಿ ಹಾರುವ ಅಭ್ಯಾಸ, ದೀಪ ಕಂಡು ಮನೆಯೊಳಗೆ ಬರುವುದೂ ಉಂಟು. ಮಳೆಗಾಲದಲ್ಲಿ ಅದರ ಅಡಿಭಾಗದ ತುಂಬ ಕಣ್ಣಿನಂಥ ಬೊಟ್ಟುಗಳಿರುತ್ತವೆ. ಬೇಸಿಗೆಯದಕ್ಕೆ ಅವು ಮಾಸಿ ಬರೀ ಚುಕ್ಕೆಯಾಗುತ್ತವೆ, ರೆಕ್ಕೆಯ ಅಂಚು ಮೊನಚಾಗಿ, ನಡುವೆ ಎಲೆಯ ನರದಂಥ ಗೆರೆ ಮೂಡಿ, ಥೇಟು ತರಗೆಲೆ. ನೆಲದ ಮೇಲೆ ನಿಜವಾದ ತರಗೆಲೆಗಳೇ ತುಂಬಿರುವ ಕಾಲಕ್ಕೆ ತಕ್ಕ ವೇಷ. ಕೊಳೆತ ಬಾಳೆಹಣ್ಣಿನ ಸಿಪ್ಪೆ ಇಟ್ಟರೆ ಮತ್ತೆ ಬಂದೀತು.

ಚಿಟ್ಟೆಯೋ ಪತಂಗವೋ ಎಂಬ ಅನುಮಾನ ಬಂದಾಗ ಬಣ್ಣವನ್ನೂ ಹಗಲು-ರಾತ್ರಿಯ ಲೆಕ್ಕವನ್ನೂ ಬಿಟ್ಟು ಕುಡಿಮೀಸೆ ನೋಡಿ. ಚಿಟ್ಟೆಯದು ಬೆಂಕಿಕಡ್ಡಿಯ ಹಾಗೆ, ತುದಿಯಲ್ಲಿ ಗುಂಡು. ಸ್ಕಿಪ್ಪರ್‌ನದು ಆ ಗುಂಡಿನ ಮುಂದೆ ಕೊಕ್ಕೆಯಂತೆ ಬಾಗಿರುತ್ತದೆ. ಪತಂಗದ್ದು ಬರೀ ದಾರ, ಇಲ್ಲವೇ ಗರಿ. ಇದಕ್ಕೆ ಅಪವಾದಗಳಿದ್ದರೂ ನಮ್ಮ ತಾರಸಿಗಳಲ್ಲಿ ಈ ಒಂದು ಲಕ್ಷಣ ಕೈಕೊಡುವುದು ಅಪರೂಪ. ಭಾರತದಲ್ಲಿ ಚಿಟ್ಟೆ ಜಾತಿಗಳು ಸಾವಿರದ ಮುನ್ನೂರರ ಆಸುಪಾಸಿನಲ್ಲಿದ್ದರೆ ಪತಂಗಗಳು ಹತ್ತು ಸಾವಿರಕ್ಕೂ ಮೇಲೆ. ಹಾಗಾಗಿ ಪತಂಗದ ವಿಷಯದಲ್ಲಿ ಜಾತಿಯ ಹೆಸರೇ ಬೇಕೆಂದು ಹಟ ಹಿಡಿಯದೆ, ಮೊದಲು ಅದರ ಊಟ-ನಡತೆ ತಿಳಿಯುವುದು ಒಳ್ಳೆಯದು.

ಹಗಲು ಕಾಣುವ ಪತಂಗಗಳಿಂದ ಶುರು ಮಾಡಬಹುದು. ಹರಿವೆ, ದಂಟಿನ ಕುಂಡಕ್ಕೆ ಕೈ ಹಾಕಿದಾಗ ಪುರ್ರೆಂದು ಎದ್ದು, ಎರಡು ಮಾರು ಹಾರಿ, ಎಲೆಯಡಿಗೆ ಸೇರಿಕೊಳ್ಳುವ ಕಂದು ತ್ರಿಕೋನ ಕಂಡಿದ್ದೀರಾ? ಎರಡೂ ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟಿ ಇದ್ದರೆ ಅದು ಸ್ಪೊಲೇಡಿಯಾ. ಸೊಪ್ಪಿನ ಎಲೆಯನ್ನು ನೂಲಿನಿಂದ ಮಡಚಿ ಒಳಗೆ ತಿನ್ನುವ ತೆಳ್ಳಗಿನ ಹಸಿರು ಹುಳು ಇದರದು. ಮಡಚಿದ ಎಲೆಗಳನ್ನು ಕೈಯಿಂದ ಕಿತ್ತರೆ ಸಾಕು, ಔಷಧಿ ಬೇಡ, ತಿನ್ನುವ ಸೊಪ್ಪು ಅದು. ಸೌತೆ, ಹಾಗಲ, ಹೀರೆ ಬಳ್ಳಿಯಲ್ಲಿ ಸಿಗುವುದು ಇನ್ನೂ ಚೆಲುವೆ. ರೇಷ್ಮೆಯಂಥ ಬಿಳಿ ರೆಕ್ಕೆ, ಸುತ್ತ ಕಡುಕಂದು ಅಂಚು, ಬಾಲದ ತುದಿಯಲ್ಲಿ ಬ್ರಷ್ಷಿನಂತೆ ಅರಳುವ ಕೂದಲ ಕುಚ್ಚು. ಅಪ್ಸೆಣಬು ಮತ್ತು ಅದರ ಜಾತಿಯ, ಒಣಗಿದ ಕಾಯಿ ಗಿಲಿಗಿಲಿ ಎನ್ನುವ ಗಿಡಗಳಿರುವ ಬಯಲಿನಲ್ಲಿ ಬಿಳಿಯ ಮೇಲೆ ಕೆಂಪು-ಕಪ್ಪು ಚುಕ್ಕೆ ಹೊತ್ತ ಯುಟೆಥೀಸಾ ಹಾರುತ್ತದೆ. ಆ ಗಿಡದ ವಿಷವನ್ನು ಮರಿಹುಳು ತಿಂದು ಮೈಯಲ್ಲೇ ಉಳಿಸಿಕೊಳ್ಳುತ್ತದೆ, ಹಾಗಾಗಿ ಹಗಲಲ್ಲೇ ಧೈರ್ಯವಾಗಿ ಹಾರುತ್ತದೆ. ಗೋಡೆಯ ಮೇಲೆ ಇಂಗ್ಲಿಷಿನ ಟೀ ಅಕ್ಷರದ ಹಾಗೆ, ಕಡ್ಡಿಯಂಥ ರೆಕ್ಕೆಗಳನ್ನು ಅಡ್ಡ ಚಾಚಿ ಕೂತ ಸೊಳ್ಳೆಯಂಥದ್ದು ಪ್ಲೂಮ್ ಮಾತ್, ಅಂದರೆ ಗರಿಪತಂಗ. ಅದರ ಒಂದು ಜಾತಿ ತೊಗರಿ ಕಾಯಿಗೆ ಕಾಟ ಕೊಡುವ ಕೀಟ.

ಮೂರನೆಯ ಫೋಟೋ, ಬಚ್ಚಲುಮನೆಯದು, ಪತಂಗವೂ ಅಲ್ಲ ಚಿಟ್ಟೆಯೂ ಅಲ್ಲ. ನೊಣದ ಕುಲದ್ದು. ಪತಂಗಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ರೆಕ್ಕೆಯ ತುಂಬ ರೋಮವಿರುವುದರಿಂದ ಪತಂಗದ ಹಾಗೆ ಕಾಣುತ್ತದೆ, ಮಾತ್ ಫ್ಲೈ ಎಂಬ ಹೆಸರೂ ಅದರಿಂದಲೇ. ನೀರು ಹೋಗುವ ಜಾಲರಿಯ ಕೆಳಗೆ ಕಟ್ಟಿಕೊಂಡ ಲೋಳೆಯಲ್ಲಿ ಇದರ ಮರಿಗಳು ಬೆಳೆಯುತ್ತವೆ. ಜಾಲರಿ ಎತ್ತಿ, ಬ್ರಷ್ಷಿನಿಂದ ಲೋಳೆ ಉಜ್ಜಿ ತೆಗೆದು, ಕುದಿಯುವ ನೀರು ಹಾಕಿ. ಕಚ್ಚುವುದಿಲ್ಲ, ಹೆದರಬೇಡಿ. ಇದೇ ಗೋಡೆಗಳ ಮೇಲೆ ಕುಂಬಳಬೀಜದಂಥ ಚಪ್ಪಟೆ ಬೂದು ಚೀಲವೊಂದು ತಾನಾಗಿ ತೆವಳುವುದನ್ನೂ ನೀವು ನೋಡಿರುತ್ತೀರಿ. ಅದು ಮಾತ್ರ ನಿಜವಾದ ಪತಂಗದ ಮರಿ. ಧೂಳು, ಮರಳು, ನೂಲಿನ ಚೂರು ಸೇರಿಸಿ ತಾನೇ ನೇಯ್ದ ಚೀಲದೊಳಗೆ ಹುಳು ಇರುತ್ತದೆ. ಚೀಲದ ಎರಡೂ ತುದಿ ತೆರೆದಿರುವುದರಿಂದ ಒಳಗೇ ತಿರುಗಿ ಯಾವ ಕಡೆಯಿಂದಲಾದರೂ ತಲೆ ಹಾಕುತ್ತದೆ. ಜೇಡರ ಬಲೆ, ಉದುರಿದ ಕೂದಲು, ಸತ್ತ ಹುಳುಗಳೇ ಅದರ ಊಟ, ಸಿಕ್ಕರೆ ಉಣ್ಣೆ ಬಟ್ಟೆಯೂ ಆದೀತು. ಮೂಲೆ ಗುಡಿಸಿದರೆ ಹೋಗುತ್ತದೆ.

ರಾಗಿ ಹಿಟ್ಟಿನಿಂದ ಹಾರಿದ್ದು ಹೆಚ್ಚಾಗಿ ರೈಸ್ ಮಾತ್, ಬೂದು-ಕಂದು, ಅಂದವಿಲ್ಲದ್ದು. ರೆಕ್ಕೆಯ ಹೊರಭಾಗ ತಾಮ್ರದ ಬಣ್ಣ, ಒಳಭಾಗ ತಿಳಿ ಇದ್ದರೆ ಇಂಡಿಯನ್ ಮೀಲ್ ಮಾತ್. ಹಿಟ್ಟು ತಿನ್ನುವುದು ಹಾರುವ ಪತಂಗವಲ್ಲ, ಹಿಟ್ಟಿನಲ್ಲಿ ಬಲೆ ಕಟ್ಟಿಕೊಂಡು ಕೂತ ಹುಳು. ಬಲೆ ಕಟ್ಟಿದ ಹಿಟ್ಟನ್ನು ಹೊರಹಾಕಿ, ಡಬ್ಬ ತೊಳೆದು ಬಿಸಿಲಿಗಿಟ್ಟು, ಹೊಸ ಹಿಟ್ಟನ್ನು ಒಂದು ವಾರ ಫ್ರೀಜರ್‌ನಲ್ಲಿಟ್ಟು ತೆಗೆದರೆ ಮೊಟ್ಟೆಗಳೂ ಸಾಯುತ್ತವೆ. ಅಡಿಗೆಮನೆಯಲ್ಲಿ ಬೈಸಿಕೊಳ್ಳುವ ಈ ರೈಸ್ ಮಾತ್ ಪತಂಗವನ್ನು ಕೃಷಿ ಪ್ರಯೋಗಾಲಯಗಳಲ್ಲಿ ಬೇಕೆಂದೇ ಸಾಕುತ್ತಾರೆ ಎಂದರೆ ನಿಮಗೆ ಅಚ್ಚರಿಯಾದೀತು. ಬೆಳೆಯ ಕೀಟಗಳನ್ನು ಮೊಟ್ಟೆಯಲ್ಲೇ ಕೊಲ್ಲುವ ಟ್ರೈಕೋಗ್ರಾಮ ಎಂಬ ಅತಿಸಣ್ಣ ಕಣಜವನ್ನು ಇದರ ಮೊಟ್ಟೆಗಳ ಮೇಲೆ ಬೆಳೆಸಿ ರೈತರಿಗೆ ಕೊಡುತ್ತಾರೆ.

ನಿಮ್ಮತ್ತೆಯವರ ಆತಂಕದ ಬಗ್ಗೆ. ಕೈಗೆ ಅಂಟುವ ಪುಡಿ ಎಂದರೆ ಮೇಲೆ ಹೇಳಿದ ಹುರುಪೆಗಳೇ, ಹೆಂಚಿನ ಸಾಲಿನಂತೆ ರೆಕ್ಕೆಯನ್ನು ಹೊದ್ದಿರುತ್ತವೆ. ಅದರಲ್ಲಿ ಕಣ್ಣು ಕಳೆಯುವ ವಿಷವಿಲ್ಲ. ಕಣ್ಣಿಗೆ ಬಿದ್ದರೆ ಧೂಳು ಬಿದ್ದ ಹಾಗೆ ಉರಿಯುತ್ತದೆ, ನೀರಿನಿಂದ ತೊಳೆದರೆ ಆಯಿತು. ಆದರೂ ಹಿರಿಯರ ಮಾತಿನಲ್ಲಿ ಮುಟ್ಟಬೇಡ ಎಂಬಷ್ಟು ಭಾಗ ಸರಿಯೇ. ಉದುರಿದ ಹುರುಪೆ ಮತ್ತೆ ಬೆಳೆಯುವುದಿಲ್ಲ, ತೊಂದರೆಯಾಗುವುದು ಚಿಟ್ಟೆಗೆ. ನಿಜವಾಗಿ ಮುಟ್ಟಬಾರದ್ದು ಕಂಬಳಿಹುಳು. ಕೆಲವು ಪತಂಗಗಳ ಕಂಬಳಿಹುಳುವಿನ ರೋಮ ಚರ್ಮಕ್ಕೆ ಚುಚ್ಚಿ ತುರಿಕೆ, ಊತ ತರುತ್ತದೆ, ಕಣ್ಣಿಗೆ ಸೇರಿದರೆ ವೈದ್ಯರನ್ನೇ ನೋಡಬೇಕು. ನುಗ್ಗೆಮರದ ಕಾಂಡದ ಮೇಲೆ ಗುಂಪಾಗಿ ಕೂರುವ ಕಂಬಳಿಹುಳುವಿನಿಂದ ಮಗಳನ್ನು ದೂರವಿಡಿ.

ದೀಪಕ್ಕೆ ಪತಂಗ ಯಾಕೆ ಮುತ್ತುತ್ತದೆ ಎಂದು ಅವಳು ಕೇಳದೆ ಇರಲಾರಳು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅತಿವೇಗದ ಕ್ಯಾಮೆರಾಗಳಿಂದ ಚಿತ್ರೀಕರಿಸಿ ನೋಡಿದಾಗ, ಅವು ದೀಪದ ಕಡೆಗೆ ನುಗ್ಗುವುದಕ್ಕಿಂತ ಹೆಚ್ಚಾಗಿ ದೀಪಕ್ಕೆ ಬೆನ್ನು ತಿರುಗಿಸುತ್ತಿರುವುದು ಕಂಡಿತು. ಲಕ್ಷಾಂತರ ವರ್ಷಗಳಿಂದ ಅವಕ್ಕೆ ರಾತ್ರಿಯಲ್ಲಿ ಬೆಳಕಿರುವ ಕಡೆ ಎಂದರೆ ಆಕಾಶ, ಬೆನ್ನು ಅತ್ತ ಇದ್ದರೆ ಹಾರಾಟ ನೆಟ್ಟಗೆ. ಪಕ್ಕದಲ್ಲಿ ಬಲ್ಬಿದ್ದರೆ ಬೆನ್ನು ಅತ್ತ ವಾಲುತ್ತದೆ, ಹಾರಾಟ ಸುತ್ತಾಗುತ್ತದೆ, ಬಿಡಿಸಿಕೊಳ್ಳಲಾಗದು. ತಾರಸಿಯ ಹಗ್ಗಕ್ಕೆ ಒಂದು ಬಿಳಿ ಪಂಚೆ ಹರಡಿ, ಮುಂದೆ ಬಲ್ಬು ಹಾಕಿ, ಸಂಜೆ ಏಳೂವರೆಯಿಂದ ಒಂಬತ್ತೂವರೆವರೆಗೆ ಕೂತರೆ ಸಾಕಷ್ಟು ಸಿಗುತ್ತವೆ. ಹುಣ್ಣಿಮೆಯಲ್ಲಿ ಕಡಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಹೆಚ್ಚು. ಮುಗಿದ ಮೇಲೆ ದೀಪ ಆರಿಸಿ ಪಂಚೆಯನ್ನು ಗಿಡಗಳ ಹತ್ತಿರ ಮೆಲ್ಲಗೆ ಕೊಡವಿ, ಹಾಗೇ ಬಿಟ್ಟರೆ ಬೆಳಗಿನ ಹಕ್ಕಿಗಳ ಪಾಲಾಗುತ್ತವೆ.

ಹಗಲಿನ ಚಿಟ್ಟೆಗೆ ಬೆಳಗ್ಗೆ ಎಂಟರಿಂದ ಹನ್ನೊಂದು ಒಳ್ಳೆಯ ಹೊತ್ತು. ಏಪ್ರಿಲ್ ಬಿಸಿಲು ನೆತ್ತಿಗೇರಿದ ಮೇಲೆ ಅವೂ ನೆರಳು ಸೇರುತ್ತವೆ. ಅಶ್ವಿನಿ, ಭರಣಿಯ ಒಂದೆರಡು ಮಳೆ ಬಿದ್ದು ಚಿಗುರೊಡೆದ ಮೇಲೆ ಸಂಖ್ಯೆ ಏರುವುದನ್ನು ನೀವೇ ಕಾಣುತ್ತೀರಿ, ಮೊಟ್ಟೆಯಿಡಲು ಎಳೆಯ ಎಲೆ ಬೇಕಲ್ಲ. ಒಣ ದಿನಗಳಲ್ಲಿ ಒಂದು ತಟ್ಟೆಯಲ್ಲಿ ಮರಳು ಹಾಕಿ, ನೀರು ಚಿಮುಕಿಸಿ, ಚಿಟಿಕೆ ಉಪ್ಪು ಬೆರೆಸಿಡಿ. ಗಂಡು ಚಿಟ್ಟೆಗಳು ಉಪ್ಪಿನಂಶಕ್ಕಾಗಿ ಹಸಿ ನೆಲ ಹೀರುತ್ತವೆ, ಹೀರುವಾಗ ರೆಕ್ಕೆ ಮಡಚಿ ಅಲುಗದೆ ಕೂರುತ್ತವೆ, ಫೋಟೋಗೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ತಾರಸಿ ಸಾಕೆನಿಸಿದ ದಿನ ಜೆ.ಪಿ. ನಗರದ ಕಡೆಯ ದೊರೆಸಾನಿಪಾಳ್ಯದ ಅರಣ್ಯ ಆವರಣಕ್ಕೋ ತುರಹಳ್ಳಿಗೋ ಕರೆದುಕೊಂಡು ಹೋಗಿ. ಬನ್ನೇರುಘಟ್ಟದ ಚಿಟ್ಟೆ ಉದ್ಯಾನವೂ ಚೆನ್ನ, ಆದರೆ ಅಲ್ಲಿ ಕಣ್ಣು ದೊಡ್ಡ ಚಿಟ್ಟೆಗಳ ಕಡೆಗೇ ಹೋಗುತ್ತದೆ. ಫೋಟೋ ಹೋಲಿಸಲು ನಮ್ಮದೇ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ನಡೆಸುವ ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣವನ್ನು ನೆಚ್ಚಿಕೊಳ್ಳಬಹುದು. ಪ್ರತಿ ಜಾತಿಗೂ ಅಡಿಭಾಗದ ಚಿತ್ರ, ಮರಿಹುಳುವಿನ ಗಿಡ, ಕಂಡ ಊರು ಎಲ್ಲ ಅಲ್ಲಿದೆ. ಫೋನಿನ ಆ್ಯಪ್ ತಾನಾಗಿ ಸೂಚಿಸುವ ಹೆಸರನ್ನು ಮಾತ್ರ ಗಿಡದೊಂದಿಗೆ ತಾಳೆ ನೋಡದೆ ಒಪ್ಪಬೇಡಿ.

ಆ ಎರಡನೆಯ ಚಿಟ್ಟೆಗೆ ಹೆಸರು ಇನ್ನೂ ಬಾಕಿಯಿದೆ. ಬಾಲವಿಲ್ಲ, ಪಕ್ಕದ ಕುಂಡದ ಅಂಚಿನಲ್ಲಿ ಪುಲ್ಲಂಪುರಚಿಯ ಎಲೆ ಇಣುಕುತ್ತಿದೆ, ಹಾಗಾಗಿ ನನ್ನ ಒಲವು ಪೇಲ್ ಗ್ರಾಸ್ ಬ್ಲೂ ಕಡೆಗೆ. ಖಚಿತವಾಗಬೇಕಾದರೆ ಆ ಕುಂಡದ ಕಳೆಯನ್ನು ಸದ್ಯಕ್ಕೆ ಕೀಳಬೇಡಿ. ಬೆಳಗ್ಗೆ ಚಿಟ್ಟೆ ಅಲ್ಲಿಗೆ ಬಂದಾಗ ಮಗಳು ಕುಂಡದ ಮಟ್ಟಕ್ಕೆ ಕೂತು, ಪಕ್ಕದಿಂದ, ರೆಕ್ಕೆ ಮಡಚಿದಾಗ ಒಂದು ಫೋಟೋ ತೆಗೆಯಲಿ. ಚಿಟ್ಟೆ ಹೋದ ಮೇಲೆ ಆ ಮೂರೆಲೆಗಳನ್ನು ಒಂದೊಂದಾಗಿ ಮಗುಚಿ ನೋಡಲಿ. ಅಡಿಯಲ್ಲಿ ಗಸಗಸೆಗಿಂತ ಸಣ್ಣ, ಚಪ್ಪಟೆಯಾದ ತಿಳಿಬಣ್ಣದ ಮೊಟ್ಟೆಯೋ ಎಲೆಯದೇ ಹಸಿರಿನ ಹುಳುವೋ ಸಿಕ್ಕರೆ ಎರಡನ್ನೂ ಕಳಿಸಿ.